ದಾರ ಕಟ್ಟಿ ವೀಲ್ ಅಲೈನ್‌ಮೆಂಟ್: ಕಾಂಪ್ಯಾಕ್ಟ್ ಎಸ್‌ಯುವಿಯ ಟೋ ಸರಿಮಾಡುವ ಬಗೆ

ಒಂದು ದೊಡ್ಡ ಗುಂಡಿಗೆ ಚಕ್ರ ಇಳಿಸಿದ ಮೇಲೆ ನನ್ನ ಗಾಡಿಯ ಸ್ಟೇರಿಂಗ್ ಎಡಕ್ಕೆ ಓರೆಯಾಯಿತು. ಗಾಡಿ ನೇರ ಹೋಗುತ್ತಿತ್ತು, ಸ್ಟೇರಿಂಗ್ ಮಾತ್ರ ತಲೆ ವಾಲಿಸಿಕೊಂಡು ಕೂತಿತ್ತು. ಕಂಪ್ಯೂಟರ್ ಮಶೀನ್ ಇರುವ ಕಡೆ ಬಿಟ್ಟು ಬಂದೆ. ಕೊಟ್ಟ ಕಾಗದದಲ್ಲಿ ಎಲ್ಲ ಅಂಕಿಯೂ ಹಸಿರು, ಅಂದರೆ ಮಿತಿಯೊಳಗೆ. ಮನೆಗೆ ಬರುವ ದಾರಿಯಲ್ಲಿ ನೋಡಿದರೆ ಸ್ಟೇರಿಂಗ್ ಇನ್ನೂ ಓರೆಯೇ! ಆ ಸಿಟ್ಟಿನಲ್ಲಿ ದಾರ, ಸ್ಟೀಲ್ ಸ್ಕೇಲ್ ಹಿಡಿದುಕೊಂಡು ಗಾಡಿಯ ಪಕ್ಕ ಕೂತವನು, ಈಗ ಪ್ರತಿ ಸಲವೂ ನಾನೇ ಅಳೆದುಕೊಳ್ಳುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಸ್ಪ್ಯಾನರ್ ಕೆಲಸ ಹತ್ತು ನಿಮಿಷದ್ದು. ಉಳಿದಿದ್ದೆಲ್ಲ ಅಳತೆ. ಅಳತೆಯಲ್ಲಿ ಅವಸರ ಮಾಡುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದ್ದು ಯಾವುದು

ಅಲೈನ್‌ಮೆಂಟ್ ಅಂದರೆ ಮುಖ್ಯವಾಗಿ ಮೂರು ಕೋನಗಳು. ಗಾಡಿಯನ್ನು ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೆ ತಿರುಗಿದೆಯೋ ಅನ್ನುವುದು ಟೋ. ಕೆಲವರು ಪಾದ ಒಳಕ್ಕೆ ಹಾಕಿ ನಡೆಯುತ್ತಾರೆ, ಕೆಲವರು ಹೊರಕ್ಕೆ ಹಾಕಿ ನಡೆಯುತ್ತಾರೆ, ಅಲ್ವಾ? ಅದೇ ಇದು. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಕ್ಕೆ ಮುಖ್ಯ ಕಾರಣ ಇದೇ.

ಹೆಚ್ಚಿನ ಕಾಂಪ್ಯಾಕ್ಟ್ ಎಸ್‌ಯುವಿಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಶನ್ ಇರುತ್ತದೆ. ಅದರಲ್ಲಿ ಕಂಪನಿಯವರು ತಿರುಗಿಸಲು ಬಿಟ್ಟಿರುವುದು ಸಾಮಾನ್ಯವಾಗಿ ಟೋ ಒಂದನ್ನೇ. ಕ್ಯಾಂಬರ್, ಕ್ಯಾಸ್ಟರ್ ತಪ್ಪಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಸೇರಿಸುವ ಒಂದೇ ತೊಲೆ) ಇದ್ದರೆ ಅಲ್ಲಿ ತಿರುಗಿಸಲು ಏನೂ ಇಲ್ಲ. ಮಲ್ಟಿಲಿಂಕ್ (ಒಂದೊಂದು ಚಕ್ರಕ್ಕೂ ಬೇರೆ ಬೇರೆ ತೋಳುಗಳು) ಇದ್ದರೆ ಹಿಂದಿನ ಟೋ ಹೊಂದಿಸಲು ಸಾಮಾನ್ಯವಾಗಿ ಒಂದು ಎಕ್ಸೆಂಟ್ರಿಕ್ ಬೋಲ್ಟ್ ಕೊಟ್ಟಿರುತ್ತಾರೆ. ಹಾಗಾಗಿ ಈ ಲೇಖನ ಮುಂದಿನ ಚಕ್ರಗಳ ಟೋ ಬಗ್ಗೆ. ಟಯರ್ ತಿನ್ನುವುದರಲ್ಲೂ ಅದೇ ಮುಂದು. ಚಕ್ರವೊಂದು 0.1 ಡಿಗ್ರಿ ಓರೆಯಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಅರ್ಧ ಡಿಗ್ರಿ ಓರೆಯಿದ್ದರೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.

ತೊಂದರೆ ನಿಜವಾಗಿ ಟೋದ್ದೇ?

ಸ್ಟೇರಿಂಗ್ ಒಂದು ವೇಗದಲ್ಲಿ ನಡುಗಿದರೆ ಅದು ವೀಲ್ ಬ್ಯಾಲೆನ್ಸಿಂಗ್ ಸಮಸ್ಯೆ, ಅಲೈನ್‌ಮೆಂಟಿನದ್ದಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಕೈ ಬಿಟ್ಟರೆ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ ಅಂದರೆ ಮೊದಲು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ಓಡಿಸಿ ನೋಡಿ. ಎಳೆತವೂ ಪಕ್ಕ ಬದಲಿಸಿದರೆ ತಪ್ಪು ಟಯರಿನದ್ದು. ಒಂದೇ ದಿಕ್ಕಿಗೆ ತಿರುಗಬೇಕಾದ, ಬಾಣದ ಗುರುತಿನ ಟಯರಾದರೆ ಈ ಪರೀಕ್ಷೆ ಬೇಡ. ಒಂದು ಪಕ್ಕದ ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೇ ಎಳೆಯುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ಒಂದು ರಿಮ್ ಹತ್ತಿರ ಕೈ ಒಯ್ದಾಗ ಮತ್ತೊಂದಕ್ಕಿಂತ ಜಾಸ್ತಿ ಬಿಸಿ ಬಡಿದರೆ ಅನುಮಾನ ಪಡಿ. ರಸ್ತೆಯೇ ಪಕ್ಕಕ್ಕೆ ಇಳಿಜಾರಾಗಿದ್ದರೂ ಗಾಡಿ ಇಳಿಜಾರಿನ ಕಡೆ ಸರಿಯುತ್ತದೆ, ಅದು ದೋಷವೇ ಅಲ್ಲ.

ಟೋ ತಪ್ಪಿರುವುದನ್ನು ಟಯರ್ ಹೇಳುತ್ತದೆ. ಅಂಗೈಯನ್ನು ಟಯರಿನ ಮೇಲೆ ಅಡ್ಡಡ್ಡ ಸವರಿ. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ದಿಕ್ಕಿನಲ್ಲಿ ನುಣ್ಣಗೆ ಜಾರಿ, ಮತ್ತೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ತಡೆದರೆ ಟಯರ್ ಅಡ್ಡ ಉಜ್ಜುತ್ತಿದೆ. ಸವರುವ ಮೊದಲು ತಂತಿ, ಗಾಜು ಚುಚ್ಚಿಕೊಂಡಿಲ್ಲ ಅಂತ ಕಣ್ಣಾಡಿಸಿಕೊಳ್ಳಿ.

ಅಳೆಯುವ ಮೊದಲು

ನಾಲ್ಕೂ ಟಯರಿಗೆ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಬರೆದಷ್ಟು ಗಾಳಿ ತುಂಬಿಸಿ. ಡಿಕ್ಕಿಯ ಸಾಮಾನು ತೆಗೆಯಿರಿ, ಸ್ಟೆಪ್ನಿ ಮಾತ್ರ ಅದರ ಜಾಗದಲ್ಲೇ ಇರಲಿ. ನೆಲ ಸಮತಟ್ಟಾಗಿರಲಿ.

ಆಮೇಲೆ ಮುಂಭಾಗವನ್ನು ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಹಿಂದಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಬರೀ ಜ್ಯಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಈಗ ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಕಟ ಕಟ ಅಂದರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ (ಟೈ ರಾಡ್) ತುದಿಯ ಜಾಯಿಂಟ್, ಸವೆದಿದೆ. 12 ಮತ್ತು 6ರಲ್ಲಿ ಹಿಡಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಹೋಗಿದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಶ್ ಸೀಳಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಇದರಲ್ಲಿ ಯಾವುದಾದರೂ ಸಡಿಲ ಇದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಿಸಿ. ಅಲ್ಲಾಡುವ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿದರೆ ಮೊದಲನೇ ಗುಂಡಿಯಲ್ಲೇ ಅಳತೆ ಬದಲಾಗುತ್ತದೆ.

ಗಾಡಿ ಎತ್ತಿರುವಾಗಲೇ ಎರಡೂ ಪಕ್ಕದ ಟೈ ರಾಡಿನ ಲಾಕ್ ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದುಬಿಡಿ. ಹಿಂದಿನ ರಾತ್ರಿಯೇ ಹೊಡೆದಿದ್ದರೆ ಇನ್ನೂ ಒಳ್ಳೆಯದು.

ಈಗ ಗಾಡಿ ಇಳಿಸಿ. ಎತ್ತಿ ಇಳಿಸಿದ ಗಾಡಿಯ ಚಕ್ರಗಳು ಕಾಲು ಒಳಗೆ ಎಳೆದುಕೊಂಡು ನಿಂತಿರುತ್ತವೆ. ನಾಲ್ಕೈದು ಮೀಟರ್ ಹಿಂದೆ ಮುಂದೆ ಉರುಳಿಸಿ, ಬಾನೆಟ್ ಮೇಲೆ ಎರಡು ಸಲ ಒತ್ತಿ ಕುಣಿಸಿ. ಈ ಹೆಜ್ಜೆ ಬಿಟ್ಟರೆ ನೀವು ಅಳೆಯುವುದು ಸುಳ್ಳು ಅಂಕಿ.

ಮುಂದಿನ ಚಕ್ರಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ನಿಲ್ಲಲಿ. ಒಂದೊಂದು ಚಕ್ರದಡಿ ಎರಡು ಹಾಳೆ, ನಡುವೆ ಸ್ವಲ್ಪ ಗ್ರೀಸ್. ನೆಲದ ಟೈಲ್ಸ್ ಎರಡನ್ನು ನುಣುಪು ಮುಖ ಸೇರಿಸಿ, ನಡುವೆ ಗ್ರೀಸ್ ಹಚ್ಚಿ ಇಟ್ಟರೂ ಆಗುತ್ತದೆ. ಟೈಲ್ಸ್ ಅಂದರೆ ಬಗ್ಗುವ ವಿನೈಲ್ ಟೈಲ್ಸ್, ಒಡೆಯುವಂಥದ್ದಲ್ಲ. ಹೀಗೆ ಜಾರಲು ಬಿಡದಿದ್ದರೆ ಟಯರ್ ನೆಲ ಕಚ್ಚಿಕೊಳ್ಳುತ್ತದೆ. ನೀವು ಟೈ ರಾಡ್ ತಿರುಗಿಸಿದ್ದು ಟಯರಿನ ರಬ್ಬರಿನಲ್ಲೇ ಕಳೆದುಹೋಗುತ್ತದೆ. ಹಿಂದಿನ ಚಕ್ರಗಳಡಿಯೂ ಅಷ್ಟೇ ದಪ್ಪದ ಏನಾದರೂ ಇಡಿ.

ಸ್ಟೇರಿಂಗ್ ನಡುವಿಗೆ

ಸ್ಟೇರಿಂಗನ್ನು ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ತಿರುಗಿಸಿ, ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ತನ್ನಿ. ಅಲ್ಲಿ ಸ್ಟೇರಿಂಗಿನ ಲೋಗೋ ನೇರ ಇರಬೇಕು. ನೇರ ಇದ್ದರೆ ಸೀಟಿಗೂ ಸ್ಟೇರಿಂಗಿಗೂ ನಡುವೆ ಕೋಲು ಕೊಟ್ಟು ಅಲ್ಲಾಡದಂತೆ ಕಟ್ಟಿ. ಅರ್ಧ ಸುತ್ತು, ಕಾಲು ಸುತ್ತಿನಷ್ಟು ದೊಡ್ಡ ವ್ಯತ್ಯಾಸ ಇದ್ದರೆ ಯಾರೋ ಸ್ಟೇರಿಂಗ್ ಬಿಚ್ಚಿ ತಪ್ಪು ಹಲ್ಲಿಗೆ ಹಾಕಿದ್ದಾರೆ. ಅದನ್ನು ಟೈ ರಾಡಿನಿಂದ ಸರಿಮಾಡಲು ಹೋಗಬೇಡಿ. ಒಳಗೆ ಏರ್‌ಬ್ಯಾಗ್ ಇರುತ್ತದೆ, ಅದು ಬಲ್ಲವರ ಕೆಲಸ.

ದಾರ ಕಟ್ಟುವುದು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯ. ಗಾಡಿಯ ಎರಡೂ ಪಕ್ಕ, ಒಂದಕ್ಕೊಂದು ಸಮಾನಾಂತರವಾಗಿ ಎರಡು ದಾರ ಬೇಕು. ಸಮಾನಾಂತರ ಮಾಡುವುದಕ್ಕೆ ಸುಲಭದ ಉಪಾಯ ಇದೆ. ಗಾಡಿಯ ಅಗಲಕ್ಕಿಂತ ಉದ್ದವಾದ ಎರಡು ಪೈಪ್ ತೆಗೆದುಕೊಳ್ಳಿ. ಗಾಡಿಯ ಅಗಲ 1.8 ಮೀಟರ್ ಆಸುಪಾಸು ಇದ್ದರೆ 2.1 ಮೀಟರ್ ಪೈಪ್ ಸಾಕು. ಎರಡನ್ನೂ ಜೋಡಿಸಿ ಹಿಡಿದು, ಒಟ್ಟಿಗೇ, 2 ಮೀಟರ್ ಅಂತರದಲ್ಲಿ ಎರಡು ಗೀರು ಹಾಕಿ. ಅಂತರ 2 ಮೀಟರಿಗೆ ಎರಡು ಮಿಲಿ ಹೆಚ್ಚು ಕಡಿಮೆಯಾದರೂ ಚಿಂತೆಯಿಲ್ಲ, ಎರಡು ಪೈಪಿನಲ್ಲೂ ಒಂದೇ ಇರಬೇಕು. ಒಂದು ಪೈಪನ್ನು ಬಂಪರಿನ ಮುಂದೆ, ಇನ್ನೊಂದನ್ನು ಹಿಂದೆ, ಸ್ಟೂಲ್ ಅಥವಾ ಡಬ್ಬದ ಮೇಲೆ ಇಡಿ. ದಾರ ಚಕ್ರದ ನಡುಮಧ್ಯದ ಎತ್ತರಕ್ಕೆ ಬರಬೇಕು. ಈ ವರ್ಗದ ಗಾಡಿಗಳಲ್ಲಿ ಅದು ನೆಲದಿಂದ ಹೆಚ್ಚುಕಡಿಮೆ 33 ಸೆಂಟಿಮೀಟರ್. ಮೀನು ಹಿಡಿಯುವ ನೈಲಾನ್ ದಾರ ಒಳ್ಳೆಯದು, ತೆಳು ಇರುತ್ತದೆ, ಬಿಗಿಯಾಗಿ ನಿಲ್ಲುತ್ತದೆ. ತುದಿಗೆ ನೀರು ತುಂಬಿದ ಬಾಟಲ್ ಕಟ್ಟಿ ಇಳಿಬಿಟ್ಟರೆ ಎರಡೂ ಕಡೆ ಒಂದೇ ಬಿಗಿ.

ಈಗ ದಾರದ ಚೌಕಟ್ಟನ್ನು ಗಾಡಿಗೆ ಹೊಂದಿಸಬೇಕು. ಮುಂದಿನ ಎಡ ಚಕ್ರದ ನಡುವಿನಿಂದ ಎಡ ದಾರಕ್ಕೆ ಎಷ್ಟು ದೂರವೋ, ಬಲ ಚಕ್ರದ ನಡುವಿನಿಂದ ಬಲ ದಾರಕ್ಕೂ ಅಷ್ಟೇ ಇರಬೇಕು. ಹಿಂದಿನ ಜೋಡಿಗೂ ಹಾಗೆಯೇ. ಮುಂದಿನ ಅಂಕಿ, ಹಿಂದಿನ ಅಂಕಿ ಒಂದೇ ಆಗಬೇಕಿಲ್ಲ. ಮುಂದಿನ ಚಕ್ರಗಳ ನಡುವಿನ ಅಗಲಕ್ಕೂ ಹಿಂದಿನದಕ್ಕೂ ಗಾಡಿಯಲ್ಲೇ ಸ್ವಲ್ಪ ವ್ಯತ್ಯಾಸ ಇರುವುದುಂಟು. ಹೊಸಬರು ಎಡವುವುದು ಇಲ್ಲೇ: ನಾಲ್ಕನ್ನೂ ಒಂದೇ ಮಾಡಲು ಹೋಗಿ ದಾರವನ್ನೇ ಓರೆ ಕಟ್ಟುತ್ತಾರೆ.

ಹಿಂದೆ ಸರಿಮಾಡಿದರೆ ಮುಂದೆ ತಪ್ಪುತ್ತದೆ, ಮುಂದೆ ಸರಿಮಾಡಿದರೆ ಹಿಂದೆ. ಮೂರು ನಾಲ್ಕು ಸುತ್ತು ಓಡಾಡಬೇಕಾಗುತ್ತದೆ. ಅಷ್ಟರಲ್ಲಿ ಮನೆಯವರು ಯಾರೋ ದಾರ ಎಡವಿರುತ್ತಾರೆ. ಮತ್ತೆ ಶುರು.

ಓದುವುದು

ಅಳೆಯುವುದು ರಿಮ್ಮಿನ ಅಂಚಿನಿಂದ, ಟಯರಿನಿಂದಲ್ಲ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಒಂದು ಅಳತೆ, ಹಿಂದಿನ ಅಂಚಿಗೆ ಒಂದು. ಸ್ಕೇಲ್ ಅಡ್ಡಕ್ಕೆ ಮಟ್ಟಸವಾಗಿರಲಿ. ಅದು ದಾರವನ್ನು ತಳ್ಳಬಾರದು, ಸುಮ್ನೆ ಅದರ ಕೆಳಗೆ ಬರಬೇಕು. ಕಣ್ಣು ನೇರ ದಾರದ ಮೇಲಿರಲಿ. ಅರ್ಧ ಮಿಲಿವರೆಗೆ ಓದಲು ಪ್ರಯತ್ನಿಸಿ.

ದಾರ ಹೊರಗಿರುವುದರಿಂದ, ಮುಂದಿನ ಅಂಚು ಹಿಂದಿನ ಅಂಚಿಗಿಂತ ದಾರದಿಂದ ಹೆಚ್ಚು ದೂರ ಇದ್ದರೆ ಚಕ್ರದ ಮೂತಿ ಒಳಕ್ಕಿದೆ, ಅಂದರೆ ಟೋ ಇನ್. ಮುಂದಿನ ಅಂಚು ಹತ್ತಿರ ಇದ್ದರೆ ಟೋ ಔಟ್.

ರಿಮ್ಮೇ ಸೊಟ್ಟಗಿದ್ದರೆ? ಅನುಮಾನ ಇದ್ದರೆ ಒಮ್ಮೆ ಅಳೆದು, ಚಕ್ರ ಅರ್ಧ ಸುತ್ತು ಬರುವಷ್ಟು ಗಾಡಿ ಉರುಳಿಸಿ, ದಾರ ಹೊಂದಿಸಿಕೊಂಡು ಮತ್ತೆ ಅಳೆಯಿರಿ. ಎರಡರ ಸರಾಸರಿ ತೆಗೆದರೆ ರಿಮ್ಮಿನ ಸೊಟ್ಟು ಲೆಕ್ಕದಿಂದ ಬಿದ್ದುಹೋಗುತ್ತದೆ. ಬೇಸರದ ಕೆಲಸ, ನಿಜ. ಗುಂಡಿಗೆ ಬಿದ್ದ ಗಾಡಿಗೆ ಬಿಡಬಾರದ ಕೆಲಸ.

ಮಿಲಿಮೀಟರಿನಿಂದ ಡಿಗ್ರಿಗೆ ಬರುವ ಲೆಕ್ಕ ಸುಲಭ. 17 ಇಂಚಿನ ರಿಮ್ಮಿನಲ್ಲಿ ಅಂಚಿನಿಂದ ಅಂಚಿಗೆ ಸುಮಾರು 46 ಸೆಂಟಿಮೀಟರ್ ಇರುತ್ತದೆ. ಆಗ 1 ಡಿಗ್ರಿ ಅಂದರೆ 8 ಮಿಲಿ, 0.1 ಡಿಗ್ರಿ ಅಂದರೆ 0.8 ಮಿಲಿ. ಮ್ಯಾನ್ಯುಯಲ್‌ನಲ್ಲಿ ಮಿನಿಟ್ ಲೆಕ್ಕ ಕೊಟ್ಟಿದ್ದರೆ 60 ಮಿನಿಟಿಗೆ 1 ಡಿಗ್ರಿ. ಅಲ್ಲಿ ಕೊಟ್ಟಿರುವುದು ಒಂದು ಚಕ್ರದ್ದೋ ಎರಡೂ ಸೇರಿಸಿದ ಒಟ್ಟು ಟೋನೋ ಎಂದು ಎರಡು ಸಲ ಓದಿ. ಎಷ್ಟೋ ಫ್ರಂಟ್ ವೀಲ್ ಡ್ರೈವ್ ಗಾಡಿಗಳಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಆದರೂ ನಿಮ್ಮ ಗಾಡಿಯ ಅಂಕಿಯೇ ನಿಮಗೆ ಪ್ರಮಾಣ.

ಹಿಂದಿನ ಚಕ್ರಗಳನ್ನೂ ಹೀಗೇ ಅಳೆದು ಬರೆದುಕೊಳ್ಳಿ. ಎಡಬಲ ಒಂದೇ ಇದ್ದರೆ ನಿಶ್ಚಿಂತೆ. ಒಂದು ಒಳಕ್ಕೆ, ಒಂದು ಹೊರಕ್ಕೆ ಇದ್ದರೆ ಹಿಂದಿನ ಆಕ್ಸಲ್ ಗಾಡಿಯನ್ನು ಏಡಿಯ ಹಾಗೆ ಓರೆಯಲ್ಲಿ ತಳ್ಳುತ್ತಿದೆ. ಮಲ್ಟಿಲಿಂಕ್ ಆದರೆ ಮೊದಲು ಅದನ್ನು ಸರಿಮಾಡಬೇಕು, ಮುಂದಿನದು ಯಾವತ್ತೂ ಕೊನೆಗೆ. ಟಾರ್ಶನ್ ಬೀಮ್ ಆದರೆ ಬೀಮ್ ಬಗ್ಗಿರಬಹುದು, ಮಶೀನಿಗೆ ಒಯ್ಯಿರಿ.

ಒಂದು ಉದಾಹರಣೆ ನೋಡೋಣ. ಎಡ ಚಕ್ರ: ಮುಂದೆ 112 ಮಿಲಿ, ಹಿಂದೆ 109. ಅಂದರೆ 3 ಮಿಲಿ ಟೋ ಇನ್. ಬಲ ಚಕ್ರ: ಮುಂದೆ 110, ಹಿಂದೆ 111. ಅಂದರೆ 1 ಮಿಲಿ ಟೋ ಔಟ್. ಒಟ್ಟು 2 ಮಿಲಿ ಟೋ ಇನ್, ನೋಡಲು ದೊಡ್ಡ ತಪ್ಪಲ್ಲ. ಆದರೆ ಎರಡೂ ಚಕ್ರಗಳ ಮೂತಿ ಬಲಕ್ಕಿದೆ, ಗಮನಿಸಿದಿರಾ? ಸ್ಟೇರಿಂಗ್ ನೇರ ಹಿಡಿದರೆ ಈ ಗಾಡಿ ಬಲಕ್ಕೆ ಹೋಗುತ್ತದೆ. ನೇರ ಓಡಿಸಲು ಸ್ಟೇರಿಂಗ್ ಎಡಕ್ಕೆ ವಾಲಬೇಕು. ಒಟ್ಟು ಟೋ ಹಸಿರಿನಲ್ಲಿದ್ದೂ ಸ್ಟೇರಿಂಗ್ ಓರೆಯಾಗುವ ಗುಟ್ಟು ಇದೇ. ನನ್ನ ಗಾಡಿಗೆ ಆಗಿದ್ದೂ ಇದೇ. ಸ್ಟೇರಿಂಗನ್ನು ನಡುವಿನಲ್ಲಿ ಕಟ್ಟದೆ ಅಳೆದಿದ್ದರು ಅನ್ನಿಸುತ್ತದೆ.

ತಿರುಗಿಸುವುದು

ಲಾಕ್ ನಟ್ ಮತ್ತು ಟೈ ರಾಡ್ ಎಂಡ್ ಎರಡರ ಮೇಲೂ ಬರುವಂತೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ, ಹೊರಗೆ ಕಾಣುವ ಥ್ರೆಡ್ ಎಷ್ಟಿದೆ ಅಂತ ಅಳೆದು ಬರೆದುಕೊಳ್ಳಿ. ಏನಾದರೂ ಗೊಂದಲವಾದರೆ ಹೊರಟ ಜಾಗಕ್ಕೆ ವಾಪಸ್ ಬರಬಹುದು. ಎಂಡ್ ಅನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಮತ್ತೊಂದರಲ್ಲಿ ನಟ್ ಸಡಿಲಿಸಿ. ಎಂಡ್ ಹಿಡಿಯದೆ ಬರೀ ನಟ್ ಎಳೆದರೆ ಬಾಲ್ ಜಾಯಿಂಟಿನ ಮೇಲೆ ಭಾರ ಬೀಳುತ್ತದೆ.

ಈಗ ಟೈ ರಾಡುಗಳನ್ನು ಎಡಬಲಕ್ಕೆ ಸರಿಸುವ ಸ್ಟೇರಿಂಗ್ ರ‍್ಯಾಕಿನ ರಬ್ಬರ್ ಬೂಟಿನ ಹೊರ ತುದಿಯ ಕ್ಲಿಪ್ ಬಿಡಿಸಿ. ಮೊದಲ ಸಲ ನಾನು ಇದನ್ನು ಮರೆತೆ. ಟೈ ರಾಡಿನ ಜೊತೆ ಬೂಟೂ ತಿರುಗಿ, ಹಿಂಡಿದ ಟವೆಲಿನ ಹಾಗೆ ಸುರುಳಿ ಸುತ್ತಿಕೊಂಡಿತು. ಹಾಗೇ ಬಿಟ್ಟಿದ್ದರೆ ಬೂಟ್ ಹರಿದು, ಒಳಗೆ ನೀರು ಮಣ್ಣು ಸೇರಿ, ರ‍್ಯಾಕೇ ಹೋಗುತ್ತಿತ್ತು.

ರ‍್ಯಾಕ್ ಆಕ್ಸಲಿಗಿಂತ ಹಿಂದೆ ಇದೆಯೋ ಮುಂದೆ ಇದೆಯೋ ನೋಡಿಕೊಳ್ಳಿ. ಹಿಂದೆ ಇದ್ದರೆ, ಟೈ ರಾಡ್ ಉದ್ದ ಮಾಡಿದಾಗ ಚಕ್ರದ ಹಿಂಭಾಗ ಹೊರಕ್ಕೆ ಹೋಗಿ ಟೋ ಇನ್ ಆಗುತ್ತದೆ, ಗಿಡ್ಡ ಮಾಡಿದರೆ ಟೋ ಔಟ್. ಮುಂದೆ ಇದ್ದರೆ ಇದಕ್ಕೆ ತದ್ವಿರುದ್ಧ.

ಎಷ್ಟು ತಿರುಗಿಸಬೇಕು? ಟೈ ರಾಡಿನ ಥ್ರೆಡ್ ಒಂದು ಸುತ್ತಿಗೆ 1.5 ಮಿಲಿ ಸರಿಯುವಂಥದ್ದು ಅಂತಿಟ್ಟುಕೊಂಡರೆ, ಒಂದು ಪೂರ್ತಿ ಸುತ್ತಿಗೆ ರಿಮ್ಮಿನ ಅಂಚಿನ ವ್ಯತ್ಯಾಸ ಸುಮಾರು 5 ಮಿಲಿ ಬದಲಾಗುತ್ತದೆ. ರಾಡಿನ ಮೇಲೆ ಸ್ಪ್ಯಾನರ್ ಹಿಡಿಯಲು ಆರು ಮಗ್ಗುಲು ಇದ್ದರೆ ಒಂದು ಮಗ್ಗುಲಿಗೆ ಸುಮಾರು 0.9 ಮಿಲಿ, ಅಂದರೆ 0.1 ಡಿಗ್ರಿಗಿಂತ ತುಸು ಹೆಚ್ಚು. ಇದು ಅಂದಾಜು. ಒಂದು ಸಲ ಎರಡು ಮಗ್ಗುಲು ತಿರುಗಿಸಿ ಅಳೆದರೆ ನಿಮ್ಮ ಗಾಡಿಯ ನಿಜವಾದ ಲೆಕ್ಕ ಸಿಗುತ್ತದೆ.

ಮೇಲಿನ ಉದಾಹರಣೆಯಲ್ಲಿ ಎರಡನ್ನೂ ಸೊನ್ನೆಗೆ ತರಬೇಕು, ರ‍್ಯಾಕ್ ಹಿಂದೆ ಇದೆ ಅಂದುಕೊಳ್ಳೋಣ. ಎಡ ರಾಡನ್ನು ಮೂರು ಮಗ್ಗುಲಿಗಿಂತ ಸ್ವಲ್ಪ ಜಾಸ್ತಿ ಗಿಡ್ಡ ಮಾಡಬೇಕು, ಬಲದ್ದನ್ನು ಒಂದು ಮಗ್ಗುಲು ಉದ್ದ ಮಾಡಬೇಕು. ತಿರುಗಿಸಿದ ಮೇಲೆ ಚಕ್ರವನ್ನು ಕೈಯಿಂದ ಒಮ್ಮೆ ತಟ್ಟಿ, ಸ್ಟೇರಿಂಗ್ ಕದಲಿಲ್ಲ ಅಂತ ನೋಡಿ, ದಾರ ಇನ್ನೂ ಹೊಂದಿಕೊಂಡಿದೆಯಾ ಪರೀಕ್ಷಿಸಿ, ಮತ್ತೆ ಅಳೆಯಿರಿ.

ಸರಿ ಬಂದ ಮೇಲೆ ಟೈ ರಾಡ್ ತಿರುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ. ಬೂಟ್ ಸುರುಳಿಯಿಲ್ಲದೆ ಕೂತಿದೆಯಾ ನೋಡಿ ಕ್ಲಿಪ್ ಹಾಕಿ. ನಟ್ ಬಿಗಿ ಮಾಡುವಾಗಲೇ ಅಳತೆ ಅರ್ಧ ಮಿಲಿ ಓಡಿಬಿಡುವುದುಂಟು, ಅದಕ್ಕೇ ಬಿಗಿ ಮಾಡಿದ ಮೇಲೆ ಇನ್ನೊಂದು ಸಲ ಅಳೆಯಿರಿ. ಹೌದು, ಇನ್ನೊಂದು ಸಲ. ಆಮೇಲೆ ನಟ್ ಮತ್ತು ಎಂಡ್ ಮೇಲೆ ಹೊಸದಾಗಿ ಪೇಂಟಿನ ಗೆರೆ ಎಳೆಯಿರಿ.

ಓಡಿಸಿ ನೋಡುವುದು

ಮಟ್ಟಸವಾದ, ಖಾಲಿ ರಸ್ತೆಯಲ್ಲಿ ಮೊದಲು ನಿಧಾನಕ್ಕೆ, ಆಮೇಲೆ 60 ಕಿಲೋಮೀಟರ್ ವೇಗದಲ್ಲಿ ಓಡಿಸಿ. ಸ್ಟೇರಿಂಗ್ ಇನ್ನೂ ಕೂದಲೆಳೆ ಓರೆ ಇದ್ದರೆ ಮತ್ತೆ ದಾರ ಕಟ್ಟಬೇಕಿಲ್ಲ. ಒಂದು ರಾಡ್ ಎಷ್ಟು ಗಿಡ್ಡ ಮಾಡುತ್ತೀರೋ ಮತ್ತೊಂದನ್ನು ಅಷ್ಟೇ ಉದ್ದ ಮಾಡಿದರೆ ಒಟ್ಟು ಟೋ ಹಾಗೇ ಇದ್ದು ಸ್ಟೇರಿಂಗ್ ಮಾತ್ರ ತಿರುಗುತ್ತದೆ. ರ‍್ಯಾಕ್ ಹಿಂದಿರುವ ಗಾಡಿಯಲ್ಲಿ ಸ್ಟೇರಿಂಗ್ ಎಡಕ್ಕೆ ವಾಲಿದ್ದರೆ ಎಡ ರಾಡ್ ಗಿಡ್ಡ, ಬಲ ರಾಡ್ ಉದ್ದ. ಎರಡೂ ಕಡೆ ಒಂದೊಂದು ಮಗ್ಗುಲಿಗೆ ಸ್ಟೇರಿಂಗ್ ಒಂದೂವರೆ ಡಿಗ್ರಿಯ ಹತ್ತಿರ ತಿರುಗುತ್ತದೆ.

ಈಗಿನ ಗಾಡಿಗಳಲ್ಲಿ ಇನ್ನೊಂದು ವಿಷಯ ಇದೆ. ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್ ಒಂದಿರುತ್ತದೆ, ಗಾಡಿ ಜಾರದಂತೆ ಕಾಯುವ ಇಎಸ್‌ಸಿ ವ್ಯವಸ್ಥೆ ಅದನ್ನು ನಂಬಿ ಕೆಲಸ ಮಾಡುತ್ತದೆ. ಅಲೈನ್‌ಮೆಂಟ್ ಆದ ಮೇಲೆ ಇಎಸ್‌ಸಿ ಲೈಟ್ ಹತ್ತಿದರೆ ಆ ಸೆನ್ಸರಿಗೆ ಹೊಸ ಸೊನ್ನೆ ಹೇಳಿಕೊಡಬೇಕು. ಕೆಲವು ಗಾಡಿಗಳು ಸ್ವಲ್ಪ ದೂರ ನೇರ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು. ಗಾಜಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ಲೇನ್ ಕಾಯುವ ಗಾಡಿಯಾದರೆ, ಅದರಲ್ಲೂ ಹಿಂದಿನ ಚಕ್ರಗಳ ಟೋ ಮುಟ್ಟಿದ್ದರೆ, ಕ್ಯಾಮೆರಾ ಕ್ಯಾಲಿಬ್ರೇಶನ್ ಬೇಕಾ ಅಂತ ಮ್ಯಾನ್ಯುಯಲ್ ನೋಡಿ. ಅಂಥ ಗಾಡಿಗೆ ನಾನು ದಾರದಲ್ಲಿ ಅಳೆದು ನೋಡುತ್ತೇನೆ, ತಿರುಗಿಸುವುದನ್ನು ಮಶೀನ್ ಇರುವವರಿಗೆ ಬಿಡುತ್ತೇನೆ.

ಮಶೀನಿಗೆ ಒಯ್ದಾಗಲೂ ಈ ಅಳತೆ ದಂಡವಲ್ಲ. ಕಾಗದದಲ್ಲಿ ಒಟ್ಟು ಟೋ ನೋಡಿ ಸುಮ್ಮನಾಗಬೇಡಿ. ಎಡಬಲ ಬೇರೆಬೇರೆಯಾಗಿ ನೋಡಿ, ಹಸಿರಿನ ಒಳಗೇ ಇದ್ದರೂ ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಕೇಳಿ. ಸ್ಟೇರಿಂಗನ್ನು ಕಟ್ಟಿ ಅಳೆದಿದ್ದಾರಾ ಅಂತ ಮೊದಲೇ ಕೇಳಿಬಿಡಿ.

ಒಂದು ವಾರ ಓಡಿಸಿದ ಮೇಲೆ ಟಾರ್ಚ್ ಹಿಡಿದು ಲಾಕ್ ನಟ್ ನೋಡಿ. ಬಿಗಿ ಮಾಡಿದಾಗ ಹೊಸದಾಗಿ ಎಳೆದ ಪೇಂಟಿನ ಗೆರೆ ನಟ್‌ನಿಂದ ಎಂಡ್‌ವರೆಗೆ ಮುರಿಯದೆ ಇದ್ದರೆ ನಟ್ ಕದಲಿಲ್ಲ. ಗೆರೆ ಎರಡಾಗಿದ್ದರೆ ದಾರ, ಪೈಪ್ ಮತ್ತೆ ಹೊರಗೆ ತೆಗೆಯಿರಿ.